ಕಣ್ಮರೆಯಾಗುವ ಯಂತ್ರ: ಮಾರ್ಕ್ ವೈಸರರ ಪ್ರಬಂಧವೊಂದರ ಪರಾಮರ್ಶೆ

ಮೂಲಗ್ರಂಥವೊಂದನ್ನು ಸೂತ್ರಪ್ರಾಯವಾಗಿ ಸ್ವೀಕರಿಸಿ, ಅದಕ್ಕೆ ಭಾಷ್ಯ, ಭಾಷ್ಯಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ ಎಂದು ಬರೆಯುತ್ತ ಹೋಗುವ ಪದ್ಧತಿ ನಮ್ಮವರಿಗೆ ಹೊಸತಲ್ಲ. ಆದರೆ ನಿನ್ನೆ ಮೊನ್ನೆ ಹುಟ್ಟಿದ ಗಣಕವಿಜ್ಞಾನದಲ್ಲಿಯೂ ಇಂಥದೊಂದು ಸೂತ್ರಗ್ರಂಥ ಉಂಟೆಂದರೆ ವಾಚಕರಿಗೆ ಸೋಜಿಗವಾದೀತು. 1991ನೆಯ ಸೆಪ್ಟೆಂಬರಿನ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಮಾರ್ಕ್ ವೈಸರ್ ಎಂಬ ವಿಜ್ಞಾನಿಗಳು ‘ಇಪ್ಪತ್ತೊಂದನೆಯ ಶತಮಾನದ ಕಂಪ್ಯೂಟರು’ ಎಂಬ ಪ್ರಬಂಧವನ್ನು ಪ್ರಕಟಿಸಿದರು. ಮೇಜಿನ ಮೇಲೆ ಕುಳಿತಿರುವ ಪೆಟ್ಟಿಗೆಯಿಂದ ಗಣನೆಯನ್ನು ಬಿಡಿಸಿ, ಗೋಡೆ, ಬಾಗಿಲು, ಅಂಗಿಯ ಜೇಬು ಮೊದಲಾದ ಕಡೆಗಳಲ್ಲೆಲ್ಲ ಹರಡಬೇಕು; ಹರಡಿದ ಮೇಲೆ ಅದು ಯಾರ ಕಣ್ಣಿಗೂ ಬೀಳದಂತಾಗಬೇಕು ಎಂಬುದು ಅದರ ತಾತ್ಪರ್ಯ. ‘ಯುಬಿಕ್ವಿಟಸ್ ಕಂಪ್ಯೂಟಿಂಗ್’ ಎಂಬ ಹೆಸರಿನಿಂದ ಬೆಳೆದುಬಂದಿರುವ ಸಂಶೋಧನ ಶಾಖೆಯಲ್ಲಿ ಈ ಕೆಲವೇ ಪುಟಗಳನ್ನು ಉಲ್ಲೇಖಿಸದೆ ಆರಂಭವಾಗುವ ಲೇಖನಗಳು ವಿರಳ. ಇದನ್ನು ತಾತ್ಕಾಲಿಕವಾಗಿ ‘ಸರ್ವವ್ಯಾಪಿ ಗಣನೆ’ ಎಂದು ಕರೆಯೋಣ. ಪರಿಭಾಷೆಯ ವಿಚಾರವನ್ನು ಕೊನೆಗೆ ಎತ್ತಿಕೊಳ್ಳುತ್ತೇನೆ.

ಈ ಪ್ರಬಂಧದ ತಾಂತ್ರಿಕ ಭಾಗದ ಮೌಲ್ಯನಿರ್ಣಯ ನನ್ನ ಉದ್ದೇಶವಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಸಾವಿರಾರು ವಿದ್ಯಾವಂತರ ಕಲ್ಪನೆಯನ್ನು ಆಳಿದ ಬರಹವನ್ನು ನಾವು ಒಂದು ಕಾವ್ಯವನ್ನು ಓದುವಂತೆ ಓದಬೇಕಾಗುತ್ತದೆ. ಅದರ ಉಪಮಾನ ಯಾವುದು, ನಾಯಕಿ ಯಾರು, ಆಕೆಯ ಮನೆಯಲ್ಲಿ ಏನಿದೆ, ಏನಿಲ್ಲ ಎಂದು ಕೇಳಿದರೆ ಆ ಕನಸಿನ ಒಳಗುಟ್ಟು ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ: ಜೆರಾಕ್ಸ್ ಕಂಪನಿಯು 1970ರಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋ ನಗರದಲ್ಲಿ ‘ಪಾರ್ಕ್’ ಎಂಬ ಸಂಶೋಧನಾಲಯವನ್ನು ತೆರೆಯಿತು. 1973ರ ‘ಆಲ್ಟೋ’ ಯಂತ್ರ ಅಲ್ಲಿಯೇ ಹುಟ್ಟಿತು. ಕಡತ, ಕಾಗದ, ಅಂಚೆಪೆಟ್ಟಿಗೆಗಳ ಚಿತ್ರಗಳಿಂದ ಕಚೇರಿಯ ಮೇಜನ್ನೇ ತೆರೆಯ ಮೇಲೆ ತಂದ ‘ಸ್ಟಾರ್’ ಯಂತ್ರವನ್ನು ಜೆರಾಕ್ಸ್ 1981ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಮೇಜನ್ನು ಕಂಪ್ಯೂಟರಿನೊಳಗೆ ತುರುಕಿದವರ ಮನೆಯಿಂದಲೇ, ಕಂಪ್ಯೂಟರನ್ನು ಮೇಜಿನಿಂದ ಇಳಿಸಬೇಕೆಂಬ ಕೂಗೂ 1988ರ ಹೊತ್ತಿಗೆ ಎದ್ದಿತು. ಇದಕ್ಕೆ ಪ್ರೇರಣೆಯಾದವರಲ್ಲಿ ಅಲ್ಲಿನ ಮಾನವಶಾಸ್ತ್ರಜ್ಞರೂ ಇದ್ದರೆಂಬುದು ಗಮನಾರ್ಹ. ಲೂಸಿ ಸಚ್‌ಮನ್ ಅವರು ನಕಲುಯಂತ್ರದ ಮುಂದೆ ನಿಂತು ಪೇಚಾಡುವ ಬುದ್ಧಿವಂತರನ್ನು ಕೂಲಂಕಷವಾಗಿ ಅವಲೋಕಿಸಿ, 1987ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನುಷ್ಯನು ಮೊದಲು ಯೋಜನೆ ಹಾಕಿ ಅನಂತರ ಅದರಂತೆ ನಡೆಯುವ ಪ್ರಾಣಿಯಲ್ಲ, ಸನ್ನಿವೇಶದ ಒಡನಾಟದಲ್ಲಿಯೇ ಅವನ ನಡತೆ ರೂಪುಗೊಳ್ಳುತ್ತದೆ ಎಂದು ತೋರಿಸಿದ್ದರು.

ವೈಸರ್ ಮತ್ತು ಅವರ ಸಂಗಡಿಗರು ಮೂರು ಅಳತೆಯ ಯಂತ್ರಗಳನ್ನು ಕಲ್ಪಿಸಿ ಕಟ್ಟಿದರು: ಅಂಗುಲದಷ್ಟರ ‘ಟ್ಯಾಬ್’, ಅಡಿಯಷ್ಟರ ‘ಪ್ಯಾಡ್’, ಗಜದಷ್ಟರ ‘ಬೋರ್ಡ್’. ಒಂದು ಕೋಣೆಯಲ್ಲಿ ಟ್ಯಾಬುಗಳು ನೂರರಷ್ಟು, ಪ್ಯಾಡುಗಳು ಹತ್ತಿಪ್ಪತ್ತು, ಬೋರ್ಡು ಒಂದೆರಡು. ಇಲ್ಲಿ ಪ್ಯಾಡಿನ ಕಲ್ಪನೆ ಬಹು ಸ್ವಾರಸ್ಯವಾದುದು. ಅದು ಯಾರ ಸ್ವತ್ತೂ ಅಲ್ಲ. ಮೇಜಿನ ಮೇಲೆ ಬಿದ್ದಿರುವ ರದ್ದಿ ಕಾಗದದ ಚೂರಿನಂತೆ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಕೆಲಸ ಮುಗಿದೊಡನೆ ಅಲ್ಲೇ ಬಿಟ್ಟು ಹೋಗಬೇಕು. ಇಂದು ನಮಗೆ ದೊರೆತಿರುವುದು ಇದಕ್ಕೆ ತೀರ ವಿರುದ್ಧವಾದುದು. ಒಬ್ಬನಿಗೊಂದು ಫೋನು, ಅದಕ್ಕೊಂದು ಗುಪ್ತಸಂಕೇತ, ಅದರಲ್ಲಿಯೇ ಅವನ ಬ್ಯಾಂಕು, ಅವನ ಗುರುತುಚೀಟಿ. ಅದು ಕಳೆದರೆ ಅವನೇ ಕಳೆದಂತೆ. ವೈಸರರ ಭವಿಷ್ಯವಾಣಿ ಅಕ್ಷರಶಃ ಫಲಿಸಿತೆಂದು ಬರೆಯುವವರು ಈ ಒಂದಂಶವನ್ನು ಮರೆಯುತ್ತಾರೆ.

ಇನ್ನು ಪ್ರಬಂಧದ ಮೂಲ ಉಪಮಾನಕ್ಕೆ ಬರೋಣ. ಅದು ಬರವಣಿಗೆ. ಅತ್ಯಂತ ಗಾಢವಾದ ತಂತ್ರಗಳು ದೈನಂದಿನ ಬದುಕಿನ ಬಟ್ಟೆಯಲ್ಲಿ ಎಳೆಯಾಗಿ ಸೇರಿ ಕಾಣದಂತಾಗುತ್ತವೆ ಎಂದು ಹೇಳಿ, ಇದಕ್ಕೆ ನಿದರ್ಶನವಾಗಿ ವೈಸರ್ ಅಕ್ಷರವನ್ನು ಎತ್ತಿಕೊಳ್ಳುತ್ತಾರೆ. ಅಂಗಡಿಯ ಹಲಗೆಯಲ್ಲಿ, ರಸ್ತೆಯ ಫಲಕದಲ್ಲಿ, ಮಿಠಾಯಿಯ ಹೊದಿಕೆಯಲ್ಲಿ ಬರವಣಿಗೆ ಹರಡಿದೆ, ಅದನ್ನು ನಾವು ‘ಓದುತ್ತಿದ್ದೇವೆ’ ಎಂಬ ಅರಿವೇ ಇಲ್ಲದೆ ಓದುತ್ತೇವೆ, ಕಂಪ್ಯೂಟರೂ ಹಾಗಾಗಬೇಕು. ಮಾತು ಸೊಗಸಾಗಿದೆ, ಮೊದಲ ಓದಿಗೆ ಒಪ್ಪಿಗೆಯೂ ಆಗುತ್ತದೆ.

ಆದರೆ ಇದು ಯಾರ ಅನುಭವ? ಮುಂಬಯಿಯಲ್ಲಿರುವ ಕನ್ನಡಿಗನು ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವಂತಿಲ್ಲ. ಊರಿನಿಂದ ಹೊಸದಾಗಿ ಬಂದಿಳಿದವನಿಗೆ ನಿಲ್ದಾಣದ ಹಲಗೆಯ ದೇವನಾಗರಿ ಲಿಪಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಅದರ ಪ್ರತಿಯೊಂದು ಅಕ್ಷರವೂ ಒಂದು ತಡೆ. ಕೆಲವು ತಿಂಗಳಲ್ಲಿ ತಡೆ ತಗ್ಗುತ್ತದೆ, ಕೆಲವು ವರ್ಷಗಳಲ್ಲಿ ಮರೆತೇ ಹೋಗುತ್ತದೆ. ಆಗ ಇನ್ನೊಂದು ವಿಪರ್ಯಾಸ ನಡೆಯುತ್ತದೆ. ಮಾಟುಂಗದ ಸಂದಿಯಲ್ಲೆಲ್ಲಿಯೋ ಒಂದು ಕನ್ನಡ ಫಲಕ ಕಂಡರೆ ಅವನು ನಿಂತುಬಿಡುತ್ತಾನೆ. ಊರಿನಲ್ಲಿ ಎಂದೂ ‘ಕಾಣದಿದ್ದ’ ಕನ್ನಡ ಲಿಪಿ ಇಲ್ಲಿ ಕಾಣತೊಡಗುತ್ತದೆ. ಅವನ ಮಗಳಿಗಾದರೋ ಅದೇ ಲಿಪಿ ಅಜ್ಜಿಯ ಕಾಗದದಲ್ಲಿರುವ ಚಿತ್ರವಿಚಿತ್ರ ಸುರುಳಿ. ಒಂದೇ ಮನೆಯಲ್ಲಿ, ಒಂದೇ ಕಾಗದದ ಮೇಲೆ, ಒಂದೇ ಅಕ್ಷರ ಒಬ್ಬರಿಗೆ ಅದೃಶ್ಯ, ಒಬ್ಬರಿಗೆ ಪ್ರಿಯ, ಒಬ್ಬರಿಗೆ ಒಗಟು.

ಈ ನಗರದ ಕನ್ನಡ ರಾತ್ರಿಶಾಲೆಗಳ ಇತಿಹಾಸವನ್ನು ಬಲ್ಲವರಿಗೆ ಇನ್ನೂ ಹೇಳಬೇಕಾದುದಿಲ್ಲ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ನಿದ್ದೆಗಣ್ಣಿನಲ್ಲಿ ಅಕ್ಷರ ತಿದ್ದಿದರು. ಅಂಥವರ ಪಾಲಿಗೆ ಬರವಣಿಗೆ ಎಂದಿಗೂ ಸದ್ದಿಲ್ಲದ ಹಿನ್ನೆಲೆಯಾಗಲಿಲ್ಲ. ಗಳಿಸಿದ ಸೊತ್ತಾಗಿ ಕಣ್ಣ ಮುಂದೆಯೇ ಉಳಿಯಿತು. ತಂತ್ರವು ಕಣ್ಮರೆಯಾಗುವುದು ತನ್ನ ಗುಣದಿಂದಲ್ಲ. ಅದರ ನಡುವೆ ಹುಟ್ಟಿ ಬೆಳೆದವನ ಅಭ್ಯಾಸದಿಂದ ಅದು ಮರೆಯಾಗುತ್ತದೆ. ಈ ಭೇದವನ್ನು ವೈಸರ್ ಸ್ವತಃ ಬಲ್ಲರು; ಕಣ್ಮರೆಯಾಗುವುದು ಯಂತ್ರಕೌಶಲದ ಫಲವಲ್ಲ, ಮನುಷ್ಯಮನಸ್ಸಿನ ಧರ್ಮ ಎಂದು ಅವರೇ ಬರೆದಿದ್ದಾರೆ. ಬರೆದೂ, ಎಲ್ಲ ಮನುಷ್ಯರ ಮನಸ್ಸಿಗೂ ಅಭ್ಯಾಸದ ಅವಕಾಶ ಒಂದೇ ತೆರನಾಗಿದೆ ಎಂದು ಎಣಿಸಿ ಮುಂದುವರಿದುಬಿಟ್ಟರು.

ಇಲ್ಲಿ ಒಂದು ಕಾಲಯೋಗವನ್ನು ಹೇಳದಿರಲಾರೆ. ವೈಸರರ ಕಾರ್ಯಕ್ರಮ ಆರಂಭವಾದ ಅದೇ 1988ರಲ್ಲಿ, ಅದೇ ಜೆರಾಕ್ಸ್ ಕಂಪನಿಯ ಜೋ ಬೆಕರ್ ಎಂಬವರು ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪದ್ಧತಿಯನ್ನು ಸೂಚಿಸುವ ಕರಡೊಂದನ್ನು ಬರೆದರು. ಅದಕ್ಕೆ ‘ಯೂನಿಕೋಡ್’ ಎಂದು ಹೆಸರಿಟ್ಟರು. ಅದರ ಮೊದಲ ಆವೃತ್ತಿ ಹೊರಬಂದದ್ದು 1991ರ ಅಕ್ಟೋಬರಿನಲ್ಲಿ, ಅಂದರೆ ವೈಸರರ ಪ್ರಬಂಧದ ಮರುತಿಂಗಳು. ಅದರಲ್ಲಿ ಕನ್ನಡಕ್ಕೂ ಸ್ಥಾನವಿತ್ತು. ಒಂದು ಕಡೆ ಬರವಣಿಗೆಯನ್ನು ‘ಎಂದೋ ಮುಗಿದ ಕೆಲಸ’ವೆಂದು ಉಪಮಾನಕ್ಕೆ ಬಳಸಿಕೊಂಡವರು, ಇನ್ನೊಂದು ಕಡೆ ಅದೇ ಬರವಣಿಗೆ ಯಂತ್ರದೊಳಗೆ ಇನ್ನೂ ಪ್ರವೇಶಿಸಿಯೇ ಇಲ್ಲವೆಂದು ಕಂಡು ಅಕ್ಷರಕ್ಕೊಂದು ಅಂಕಿ ಕೊಡುತ್ತ ಕುಳಿತವರು. ಇಂದು ನಾವು ಕನ್ನಡದಲ್ಲಿ ಒಂದು ಕಾಗದವನ್ನು ಜೇಬಿನ ಯಂತ್ರದಿಂದ ಕಳುಹಿಸಬಲ್ಲೆವಾದರೆ ಅದು ಎರಡನೆಯವರ ನೀರಸವಾದ ದುಡಿಮೆಯ ಫಲ. ಸಮ್ಮೇಳನಗಳಲ್ಲಿ ಅವರಿಗೆ ಸಲ್ಲುವ ಉಲ್ಲೇಖ ಕಡಮೆ.

ನಾಯಕಿಯ ವಿಷಯ. ಪ್ರಬಂಧದ ಉತ್ತರಾರ್ಧದಲ್ಲಿ ‘ಸ್ಯಾಲ್’ ಎಂಬಾಕೆಯ ಒಂದು ದಿನದ ವರ್ಣನೆ ಇದೆ. ಆಕೆ ನಿದ್ದೆಯಲ್ಲಿ ಮಗ್ಗುಲು ಬದಲಿಸುವುದನ್ನು ಅರಿತ ಗಡಿಯಾರ ‘ಕಾಫಿ ಬೇಕೆ?’ ಎನ್ನುತ್ತದೆ, ‘ಹೌದು’ ಎಂದರೆ ಸಾಕು. ಕಿಟಕಿಯಲ್ಲಿ ನೆರೆಹೊರೆಯವರು ಬೆಳಗಿನಿಂದ ಬಂದುಹೋದ ಜಾಡು ಮೂಡುತ್ತದೆ. ಮಕ್ಕಳು ಎಷ್ಟು ಹೊತ್ತಿಗೆ ಎದ್ದರೆಂಬುದೂ ಅಂಥ ಕಿಟಕಿಯಲ್ಲಿಯೇ ತಿಳಿಯುತ್ತದೆ. ವೃತ್ತಪತ್ರಿಕೆಯ ಒಂದು ವಾಕ್ಯದ ಮೇಲೆ ಲೇಖನಿಯನ್ನಾಡಿಸಿದರೆ ಅದು ಕಚೇರಿಗೆ ಹೋಗುತ್ತದೆ. ಕಾರಿನ ಮುನ್ನೋಟದ ಕನ್ನಡಿ ದಾರಿಯ ದಟ್ಟಣೆಯನ್ನು ಮೊದಲೇ ತೋರಿಸುತ್ತದೆ. ಕಥೆಯಾಗಿ ಇದು ಸಪ್ಪೆ. ಸ್ಯಾಲಳಿಗೆ ಕೋಪವಿಲ್ಲ, ಬೇಸರವಿಲ್ಲ. ಅವಳ ಗಡಿಯಾರ ಒಂದು ದಿನವೂ ತಪ್ಪಾಗಿ ಕೇಳಿಸಿಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾದ ಕೊರತೆಯೆಂದರೆ ಆ ಮನೆಯಲ್ಲಿ ಹಂಚಿಕೊಳ್ಳುವಿಕೆ ಇಲ್ಲ. ಪ್ರತಿಯೊಂದು ವಸ್ತುವೂ ಸ್ಯಾಲಳ ಇಷ್ಟವನ್ನು ಮಾತ್ರ ಅರಿತಿದೆ. ಒಂದು ಖೋಲಿಯಲ್ಲಿ ಎಂಟು ಮಂದಿ ಮಲಗುವ ಚಾಳಿನಲ್ಲಿ ಮಗ್ಗುಲು ಬದಲಿಸಿದವರು ಯಾರೆಂದು ಆ ಗಡಿಯಾರ ತಿಳಿಯುವ ಬಗೆ ಹೇಗೆ? ರಾತ್ರಿಪಾಳಿ ಮುಗಿಸಿ ಆಗ ತಾನೆ ಮಲಗಿದವನನ್ನು ಅದು ಎಬ್ಬಿಸಕೂಡದಷ್ಟೆ!

ಒಂದು ಯಂತ್ರ, ಹಲವು ಮಂದಿ ಎಂಬ ದೃಷ್ಟಿಯಿಂದ ನಮ್ಮ ನಾಡಿನಲ್ಲಿಯೇ ನಡೆದ ಪ್ರಯತ್ನವೊಂದು ಸ್ಮರಣೀಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಕೂಡಿ ರೂಪಿಸಿ 2001ರಲ್ಲಿ ಜನರ ಮುಂದಿಟ್ಟ ‘ಸಿಂಪ್ಯೂಟರ್’ ಎಂಬ ಅಂಗೈಯಂತ್ರ ಅದು. ಒಂದೊಂದು ಹಳ್ಳಿಗೂ ಒಂದೇ ಯಂತ್ರವಿದ್ದರೂ ಸಾಕು. ಪ್ರತಿಯೊಬ್ಬನೂ ತನ್ನ ಬಿಲ್ಲೆಯಂಥ ಚೀಟಿಯನ್ನು ತೂರಿಸಿ, ತನ್ನ ವಿವರಗಳನ್ನು ಅದರಲ್ಲಿಯೇ ಉಳಿಸಿಕೊಂಡು, ಯಂತ್ರವನ್ನು ಮುಂದಿನವನಿಗೆ ಕೊಡಬಹುದೆಂಬುದು ಅದರ ಹಂಚಿಕೆ. ಓದಲು ಬಾರದವನಿಗಾಗಿ ಅದು ಭಾರತೀಯ ಭಾಷೆಗಳಲ್ಲಿ ಬರಹವನ್ನು ಗಟ್ಟಿಯಾಗಿ ನುಡಿಯಬೇಕೆಂಬ ಆಶಯವೂ ಇತ್ತು. ವೈಸರರ ‘ಯಾರದೂ ಅಲ್ಲದ ಪ್ಯಾಡಿ’ಗೆ ಇದಕ್ಕಿಂತ ಸಮೀಪದ ಬಂಧುವನ್ನು ಕಾಣುವುದು ಕಷ್ಟ. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಹಂಚಿಕೊಳ್ಳುವ ಯಂತ್ರಕ್ಕಿಂತ ಮನೆಮನೆಗೊಂದು, ತಲೆತಲೆಗೊಂದು ಮಾರುವ ಯಂತ್ರವನ್ನೇ ವ್ಯಾಪಾರ ಬಯಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರಕ್ಕೆ ಹೆಸರಿಲ್ಲದಿದ್ದರೆ ಮನುಷ್ಯನಿಗೆ ಮುದ್ರೆ ಬೀಳಲೇಬೇಕು. ಕೈಗೆ ಸಿಕ್ಕಿದ ಪ್ಯಾಡು ನನ್ನ ಕಾಗದಗಳನ್ನು ತೋರಿಸಬೇಕಾದರೆ ಎದುರಿಗಿರುವವನು ನಾನೆಂದು ಅದಕ್ಕೆ ಯಾರಾದರೂ ಹೇಳಬೇಕಷ್ಟೆ. ಅದಕ್ಕಾಗಿ ಬಂದುದು ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಆಲಿವೆಟ್ಟಿ ಸಂಶೋಧನಾಲಯದವರು ನಿರ್ಮಿಸಿದ ‘ಆಕ್ಟಿವ್ ಬ್ಯಾಡ್ಜ್’. ಎದೆಯ ಮೇಲೆ ಧರಿಸುವ ಈ ಬಿಲ್ಲೆ ಸುಮಾರು ಹದಿನೈದು ಸೆಕೆಂಡಿಗೊಮ್ಮೆ ಅತಿರಕ್ತ ಕಿರಣಗಳ ಮೂಲಕ ತನ್ನ ಗುರುತನ್ನು ಸಾರುತ್ತದೆ. ಗೋಡೆಯ ಗ್ರಾಹಕಗಳು ಅದನ್ನು ಹಿಡಿದು, ಇಂಥವನು ಇಂಥ ಕೋಣೆಯಲ್ಲಿದ್ದಾನೆಂದು ದಾಖಲಿಸುತ್ತವೆ. ದೂರವಾಣಿಯ ಕರೆ ಅವನಿದ್ದಲ್ಲಿಗೇ ಹೋಗಲಿ ಎಂಬ ಸದುದ್ದೇಶವೇನೋ ನಿಜ. ಇದರ ಅಪಾಯವನ್ನು ವೈಸರ್ ಮುಚ್ಚಿಟ್ಟಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಪ್ರತಿಯೊಂದು ಕೋಣೆಯಲ್ಲಿಯೂ ಮನುಷ್ಯರನ್ನು ಅರಿಯಬಲ್ಲ ನೂರಾರು ಯಂತ್ರಗಳು ಒಂದಕ್ಕೊಂದು ಕೂಡಿಕೊಂಡರೆ, ಈವರೆಗಿನ ನಿರಂಕುಶ ಪ್ರಭುತ್ವಗಳು ಅದರ ಮುಂದೆ ಶುದ್ಧ ಅರಾಜಕತೆಯಂತೆ ತೋರಬಹುದೆಂಬ ಅರ್ಥದ ಎಚ್ಚರಿಕೆ ಆ ಪ್ರಬಂಧದಲ್ಲಿಯೇ ಇದೆ. ಆದರೆ ಅವರು ಸೂಚಿಸುವ ಪರಿಹಾರ ಗೂಢಲಿಪಿ ತಂತ್ರ. ಯಜಮಾನನು ಬಿಲ್ಲೆ ಧರಿಸೆಂದಾಗ ನೌಕರನು ಒಲ್ಲೆನೆನ್ನಬಹುದೆ ಎಂಬ ಪ್ರಶ್ನೆಗೆ ಯಾವ ಗೂಢಲಿಪಿಯಲ್ಲಿಯೂ ಉತ್ತರವಿಲ್ಲ.

ತತ್ತ್ವಶಾಸ್ತ್ರದ ಆಧಾರವನ್ನೂ ವೈಸರ್ ಹೇಳುತ್ತಾರೆ. ಪೊಲಾನಿ, ಸೈಮನ್, ಗಿಬ್ಸನ್, ಗಾಡಮರ್, ಹೈಡೆಗರ್ ಎಂದು ಹೆಸರುಗಳು ಒಂದೇ ಉಸಿರಿನಲ್ಲಿ ಬರುತ್ತವೆ, ಪತ್ರಿಕಾಪ್ರಬಂಧವಾದುದರಿಂದ ಕ್ಷಮ್ಯ. ಆದರೆ ಹೈಡೆಗರರನ್ನು ಅವರು ಅರ್ಧ ಮಾತ್ರ ಉಪಯೋಗಿಸಿಕೊಂಡಿದ್ದಾರೆ. 1927ರ ‘ಇರವು ಮತ್ತು ಕಾಲ’ದಲ್ಲಿ ಸುತ್ತಿಗೆಯ ಪ್ರಸಂಗವಿದೆ: ಹೊಡೆಯುವವನಿಗೆ ಸುತ್ತಿಗೆ ಕಾಣುವುದಿಲ್ಲ, ಕೆಲಸ ಮಾತ್ರ ಕಾಣುತ್ತದೆ. ಇಷ್ಟು ವೈಸರರಿಗೆ ಸಂದಿತು. ಸುತ್ತಿಗೆ ಮುರಿದಾಗ, ಇಲ್ಲವೆ ಇರಬೇಕಾದಲ್ಲಿ ಇಲ್ಲದಾದಾಗ, ಅದು ಮೊಂಡಾಗಿ ಎದುರು ನಿಲ್ಲುತ್ತದೆ. ಅದರೊಡನೆ ಅದರ ಸುತ್ತಲಿನ ಸಂಬಂಧಗಳ ಜಾಲವೂ ಬೆಳಕಿಗೆ ಬರುತ್ತದೆ ಎಂಬ ಉತ್ತರಭಾಗವನ್ನು ಅವರು ಬಿಟ್ಟರು. ಸುತ್ತಿಗೆ ಮುರಿದರೆ ಬಡಗಿಗೆ ಅದು ಎಲ್ಲಿ ಮುರಿಯಿತೆಂದು ತಿಳಿಯುತ್ತದೆ. ಗೋಡೆಯಲ್ಲಿ ಹುದುಗಿದ ಯಂತ್ರ ಕೆಟ್ಟರೆ?

ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ಕ್ಯಾಲಿಫೋರ್ನಿಯಕ್ಕೆ ಹೋಗಬೇಕಾಗಿಲ್ಲ. ನ್ಯಾಯಬೆಲೆ ಅಂಗಡಿಗಳಲ್ಲಿ ಬೆರಳಚ್ಚನ್ನು ಪರೀಕ್ಷಿಸುವ ಕೈಯಂತ್ರ ಬಂದಿದೆ. ಕಚೇರಿಯಲ್ಲಿ ಕೂತು ಕೆಲಸ ಮಾಡುವವನ ಬೆರಳನ್ನು ಅದು ಕ್ಷಣದಲ್ಲಿ ಗುರುತಿಸುತ್ತದೆ. ಅವನ ಪಾಲಿಗೆ ಆ ಯಂತ್ರ ಇಲ್ಲವೆಂದೇ ಲೆಕ್ಕ. ಗಾರೆ ಕಲಸಿ, ಪಾತ್ರೆ ತಿಕ್ಕಿ ರೇಖೆ ಸವೆದವರ, ಮುಪ್ಪಿನವರ ಬೆರಳನ್ನು ಅದು ಮತ್ತೆ ಮತ್ತೆ ನಿರಾಕರಿಸುವುದುಂಟು. ಆಗ ಅಕ್ಕಿಗೂ ಹಸಿವಿಗೂ ನಡುವೆ ಆ ಯಂತ್ರ ಗೋಡೆಯಾಗಿ ನಿಲ್ಲುತ್ತದೆ. ಅಂಗಡಿಯವನನ್ನು ಕೇಳಿದರೆ ‘ಮೆಷೀನು ತಗೊಳ್ತಾ ಇಲ್ಲ’ ಎನ್ನುತ್ತಾನೆ. ಆ ಮೆಷೀನಿನ ಹಿಂದೆ ಯಾರಿದ್ದಾರೆಂದು ಅವನಿಗೂ ಗೊತ್ತಿಲ್ಲ. ಸವೆದ ಬೆರಳಿನವರಿಗೆ ಅದೃಶ್ಯವಾಗಿರುವುದು ಯಂತ್ರವಲ್ಲ, ಅದನ್ನು ಇಟ್ಟವರು.

ಜೆನಿವೀವ್ ಬೆಲ್ ಮತ್ತು ಪಾಲ್ ಡೌರಿಷ್ ಎಂಬ ಇಬ್ಬರು ವಿದ್ವಾಂಸರು 2007ರಲ್ಲಿ ಈ ಶಾಖೆಯ ಬಗ್ಗೆಯೇ ಒಂದು ತೀಕ್ಷ್ಣವಾದ ವಿಮರ್ಶೆಯನ್ನು ಬರೆದರು. ಸರ್ವವ್ಯಾಪಿ ಗಣನೆಯವರು ಯಾವಾಗಲೂ ‘ಇನ್ನೇನು ಬಂದೀತು’ ಎಂಬ ನಾಳೆಯನ್ನೇ ಕುರಿತು ಬರೆಯುತ್ತಾರೆ. ಅದು ಸಿಂಗಪುರ, ದಕ್ಷಿಣ ಕೊರಿಯಗಳಲ್ಲಿ ಬೇರೆಯ ವೇಷದಲ್ಲಿ, ಅಚ್ಚುಕಟ್ಟಿಲ್ಲದೆ, ಆಗಲೇ ಬಂದುಬಿಟ್ಟಿರುವುದನ್ನು ನೋಡುವುದಿಲ್ಲ ಎಂಬುದು ಅವರ ಆಕ್ಷೇಪ. ಅವರ ಪಟ್ಟಿಗೆ ನಮ್ಮ ಪೇಟೆಯನ್ನೂ ಸೇರಿಸಬಹುದು. 2016ರಲ್ಲಿ ಯುಪಿಐ ಪಾವತಿ ಬಂದ ಅನಂತರ, ತರಕಾರಿ ಗಾಡಿಗಳ ಮೇಲೆಯೂ ಹಣ ಬಂದುದನ್ನು ಕೂಗಿ ಹೇಳುವ ಪುಟ್ಟ ಪೆಟ್ಟಿಗೆಗಳು ಕಾಣಿಸಿಕೊಂಡಿವೆ. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಕೊತ್ತಂಬರಿ ಸೊಪ್ಪು ಹಿಡಿದ ವ್ಯಾಪಾರಿ ತಲೆಯೆತ್ತದೆಯೇ ತನ್ನ ಲೆಕ್ಕವನ್ನು ಕಿವಿಯ ಅಂಚಿನಲ್ಲಿ ಕೇಳಿಕೊಳ್ಳುತ್ತಾನೆ. ಗಮನದ ನಡುವಿಗೆ ನುಗ್ಗದೆ ಅದರ ಅಂಚಿನಲ್ಲಿ ನಿಲ್ಲುವ ಯಂತ್ರ ಬೇಕೆಂದು ವೈಸರ್ ಬಯಸಿದ್ದು ಇದನ್ನೇ ಅಲ್ಲವೆ? ಆದರೆ ಇದು ಕಣ್ಮರೆಯಾದ ಯಂತ್ರವೇನೂ ಅಲ್ಲ. ಇಡೀ ಬೀದಿಗೆ ಕೇಳುವಂತೆ ಅರಚುತ್ತದೆ. ಅರಚುವುದರಿಂದಲೇ ಕೊಟ್ಟವನಿಗೂ ತೆಗೆದುಕೊಂಡವನಿಗೂ ನಂಬಿಕೆ. ಕನ್ನಡವನ್ನೂ ಸೇರಿಸಿ ಹಲವು ನುಡಿಗಳಲ್ಲಿ ಅದು ಮಾತಾಡಬಲ್ಲುದು.

ಈ ಪೆಟ್ಟಿಗೆಯ ದೆಸೆಯಿಂದ ನನಗೆ ಹೊಳೆದ ಒಂದು ವಿಚಾರವನ್ನು ವಿದ್ವಾಂಸರ ಮುಂದಿಡುತ್ತೇನೆ. ವೈಸರರ ಸಂಪ್ರದಾಯದಲ್ಲಿ ಹುಟ್ಟಿದ ಅತ್ಯುತ್ತಮ ಕೃತಿಗಳೆಲ್ಲ ಅವರ ಸೂತ್ರಕ್ಕೆ ವಿರುದ್ಧವಾಗಿಯೇ ನಡೆದಿವೆ. ನಟಾಲಿ ಜೆರೆಮಿಜೆಂಕೊ ಎಂಬ ಕಲಾವಿದೆ ಪಾರ್ಕ್ ಸಂಶೋಧನಾಲಯದಲ್ಲಿ ಸುಮಾರು ಎಂಟು ಅಡಿಯ ಪ್ಲಾಸ್ಟಿಕ್ ಹುರಿಯೊಂದನ್ನು ಛಾವಣಿಯಲ್ಲಿನ ಪುಟ್ಟ ಮೋಟಾರಿಗೆ ಕಟ್ಟಿ ಇಳಿಬಿಟ್ಟರು. ಮೋಟಾರಿಗೆ ಕಂಪ್ಯೂಟರ್ ಜಾಲದ ತಂತಿಯ ಸಂಬಂಧ. ಜಾಲದಲ್ಲಿ ಸಂಚಾರ ಕಡಮೆಯಾದರೆ ಹುರಿ ಆಗೊಮ್ಮೆ ಈಗೊಮ್ಮೆ ಮಿಡುಕುತ್ತದೆ. ಹೆಚ್ಚಾದರೆ ಭರ್ರೆಂದು ತಿರುಗುತ್ತದೆ. ಇದನ್ನು ವೈಸರ್ ಮತ್ತು ಜಾನ್ ಸೀಲಿ ಬ್ರೌನ್ 1995ರಲ್ಲಿ ‘ಶಾಂತ ತಂತ್ರ’ಕ್ಕೆ ಆದರ್ಶವೆಂದು ಕೊಂಡಾಡಿದರು. ಆದರೆ ಆ ಹುರಿ ಮಾಡಿದ್ದೇನು? ಗೋಡೆಯೊಳಗೆ ಹೂತುಹೋಗಿದ್ದ ಸಂಚಾರವನ್ನು ಹೊರತಂದು ನೇತುಹಾಕಿತು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ 1992ರಲ್ಲಿ ಡರೆಲ್ ಬಿಷಪ್ ಕಲ್ಪಿಸಿದ ದೂರವಾಣಿಯಂತ್ರದಲ್ಲಿ ಬಂದ ಒಂದೊಂದು ಸಂದೇಶಕ್ಕೂ ಒಂದೊಂದು ಗೋಲಿ ಹೊರಬೀಳುತ್ತದೆ. ಗೋಲಿಯನ್ನು ಕುಳಿಯಲ್ಲಿಟ್ಟರೆ ಮಾತು ಕೇಳಿಸುತ್ತದೆ. ಕೇಂಬ್ರಿಜಿನಲ್ಲಿ ಪಿಯರ್ ವೆಲ್ನರ್ ನಿಜವಾದ ಮರದ ಮೇಜಿನ ಮೇಲೆಯೇ ಕ್ಯಾಮೆರವನ್ನೂ ಬೆಳಕಿನ ಯಂತ್ರವನ್ನೂ ತೂಗುಹಾಕಿ, ಕಾಗದದ ಮೇಲಿನ ಅಂಕಿಯನ್ನು ಬೆರಳಿನಿಂದ ತೋರಿಸಿದರೆ ಲೆಕ್ಕವಾಗುವಂತೆ ಮಾಡಿದರು. ಹುರಿ, ಗೋಲಿ, ಕಾಗದ: ಒಂದೂ ಅದೃಶ್ಯವಲ್ಲ. ಗಣನೆಗೆ ಮೈ ಕೊಟ್ಟು, ಅದನ್ನು ಮುಟ್ಟಿ ಹಿಡಿದು ಪ್ರಶ್ನಿಸಬಹುದಾದ ವಸ್ತುವನ್ನಾಗಿ ಮಾಡಿದ ಕೃತಿಗಳಿವು. ಯಂತ್ರವು ಮನುಷ್ಯನನ್ನು ಸುಮ್ಮನಾಗಿಸುವುದಕ್ಕಿಂತ ಅವನನ್ನು ತೊಡಗಿಸಬೇಕೆಂದು ಇವೊನ್ ರಾಜರ್ಸ್ 2006ರಲ್ಲಿ ವಾದಿಸಿದರು. ಅವರ ವಾದ ನನಗೆ ಪೂರ್ತಿ ಸಮ್ಮತ. ತಮ್ಮ ಸೂತ್ರಕ್ಕಿಂತ ತಮ್ಮ ಮೆಚ್ಚುಗೆಯಲ್ಲಿ ವೈಸರ್ ಹೆಚ್ಚು ಸರಿಯಾಗಿದ್ದರು. ಅವರು 1999ರಲ್ಲಿ, ನಾಲ್ವತ್ತಾರರ ವಯಸ್ಸಿನಲ್ಲಿ, ತೀರಿಕೊಂಡರು. ಈ ವಿರೋಧವನ್ನು ಅವರೇ ಬಿಡಿಸುವುದಕ್ಕೆ ಕಾಲ ಒದಗಲಿಲ್ಲ.

ಇನ್ನು ಪರಿಭಾಷೆ. ‘ಸರ್ವವ್ಯಾಪಿ’ ಎಂಬುದು ಹರಹನ್ನು ಮಾತ್ರ ಹೇಳುತ್ತದೆ. ‘ಸರ್ವಾಂತರ್ಯಾಮಿ’ ಎಂಬ ಮಾತು ಕೇಳಿದೊಡನೆ ನಮಗೆ ಪ್ರಹ್ಲಾದನ ಕಂಬ ನೆನಪಾಗುತ್ತದೆ. ಆದರೆ ಅಂತರ್ಯಾಮಿ ಎಂದರೆ ಒಳಗಿರುವವನು ಎಂದಷ್ಟೇ ಅಲ್ಲ, ಒಳಗಿದ್ದು ನಿಯಮಿಸುವವನು. ಬೃಹದಾರಣ್ಯಕದ ಅಂತರ್ಯಾಮಿ ಬ್ರಾಹ್ಮಣದಲ್ಲಿ, ತಾನು ನಿಯಮಿಸುವ ವಸ್ತುವಿಗೆ ತಿಳಿಯದಂತೆಯೇ ಅವನು ಅದರೊಳಗಿದ್ದಾನೆ. ಪಡಿತರದ ಯಂತ್ರವನ್ನು ನೆನೆದರೆ ಈ ಪದ ಭಯ ಹುಟ್ಟಿಸುವಷ್ಟು ಸಮರ್ಪಕ. ಆದರೆ ಪರಮಾತ್ಮನ ಹೆಸರನ್ನು ಬೆರಳಚ್ಚಿನ ಪೆಟ್ಟಿಗೆಗೆ ಕೊಡಲು ಮನಸ್ಸೊಪ್ಪದು. ಮೂರನೆಯದಾಗಿ ‘ಹಾಸುಹೊಕ್ಕು ಗಣನೆ’ ಎಂಬುದನ್ನು ಸೂಚಿಸುತ್ತೇನೆ. ವೈಸರರ ಮೊದಲ ವಾಕ್ಯಗಳ ನೇಯ್ಗೆಯ ರೂಪಕಕ್ಕೆ ಇದು ಒಪ್ಪುತ್ತದೆ. ಉಟ್ಟವನಿಗೆ ಬಟ್ಟೆ ಮಾತ್ರ ಕಂಡರೂ ಹಾಸು ಯಾವುದು, ಹೊಕ್ಕು ಯಾವುದು ಎಂದು ನೇಕಾರನು ಬಲ್ಲನೆಂಬ ಅರ್ಥವನ್ನೂ ಅದು ಉಳಿಸಿಕೊಳ್ಳುತ್ತದೆ. ಪರಿಭಾಷಾಕೋಶವನ್ನು ಸಿದ್ಧಪಡಿಸುವವರು ಇದನ್ನು ಪರಿಶೀಲಿಸಬಹುದು; ‘ಶಾಂತ ತಂತ್ರ’ಕ್ಕೆ ಇನ್ನೂ ಒಳ್ಳೆಯ ಪದ ಹೊಳೆದವರು ತಿಳಿಸಬೇಕಾಗಿ ಕೋರಿಕೆ.